ದುಡಿಯುವವರ ಮನೆಯಿಂದ ದೊಡ್ಡ ವಿಶ್ವವಿದ್ಯಾಲಯಕ್ಕೆ

ಕೆಲವು ವರ್ಷಗಳ ಹಿಂದೆ, ಸೋಣ ತಿಂಗಳ ಒಂದು ಮಳೆಯ ಬೆಳಿಗ್ಗೆ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕೊಡೆ ಮಡಚಿ ಹಿಡಿದುಕೊಂಡು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಅವನನ್ನು ಕಂಡು ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಎರಡು ರಾತ್ರಿ ಕಳೆದು ತಲುಪಬೇಕಾದ, ದೇಶದಲ್ಲೇ ಹೆಸರುವಾಸಿಯಾದ ಒಂದು ವಿಶ್ವವಿದ್ಯಾಲಯದ ತರಗತಿಯಲ್ಲಿ ಅವನು ಆ ಹೊತ್ತಿಗೆ ಕುಳಿತಿರಬೇಕಾಗಿತ್ತು. ಅವನ ಅಪ್ಪ ಅಡಿಕೆ ತೋಟಗಳಿಗೆ ಮದ್ದು ಬಿಡುವ ಕೆಲಸಕ್ಕೆ ಹೋಗುವವರು, ಅಮ್ಮ ಬೀಡಿ ಕಟ್ಟುವವರು. ಒಂದರಿಂದ ಹತ್ತರವರೆಗೆ ಅವನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ಅಲ್ಲಿ ಸೀಟು ಸಿಕ್ಕಿದಾಗ ಊರಿನ ಯುವಕ ಮಂಡಲದವರು ಪೇಟೆಯಲ್ಲಿ ಬ್ಯಾನರ್ ಕಟ್ಟಿದ್ದರು. ನಾವು ಶಾಲೆಗೆ ಕರೆಸಿ, ಶಾಲು ಹೊದಿಸಿ, ಎರಡು ಒಳ್ಳೆಯ ಮಾತು ಹೇಳಿ ಕಳುಹಿಸಿದ್ದೆವು.

"ರಜೆ ಸಿಕ್ಕಿತೇನು?" ಎಂದು ಕೇಳಿದೆ.

"ಇಲ್ಲ ಟೀಚರ್. ಬಿಟ್ಟು ಬಂದೆ."

ಕಾರಣ ಕೇಳಿದರೆ ಮೊದಲು ಊಟ ಸರಿಯಿಲ್ಲ ಎಂದ. ಆಮೇಲೆ ಸೆಕೆ ಎಂದ. ಚಹಾ ತರಿಸಿ ಕುಡಿಸಿ, ಉಳಿದ ಅಧ್ಯಾಪಕರೆಲ್ಲ ತರಗತಿಗಳಿಗೆ ಹೋದ ಮೇಲೆ, ತಲೆ ತಗ್ಗಿಸಿಕೊಂಡೇ ಹೇಳಿದ: "ಅಲ್ಲಿ ಎಲ್ಲರಿಗೂ ಎಲ್ಲ ಮೊದಲೇ ಗೊತ್ತಿದೆ ಟೀಚರ್. ನನಗೆ ಮಾತ್ರ ಗೊತ್ತಿಲ್ಲ."

ಅವನು ಅಲ್ಲಿ ಇದ್ದದ್ದು ಒಟ್ಟು 23 ದಿನ.

ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಎರಡು ವರ್ಷ ಬಿಡುವಿನ ವೇಳೆಯಲ್ಲಿ ಅವನಿಗೆ ಪಾಠ ಹೇಳಿಕೊಟ್ಟವರಲ್ಲಿ ನಾನೂ ಒಬ್ಬಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದ್ದೆವು, ಅರ್ಜಿ ತುಂಬಿಸಿದ್ದೆವು, ರೈಲಿನ ಟಿಕೇಟನ್ನೂ ಮಾಡಿಸಿ ಕೊಟ್ಟಿದ್ದೆವು. ಬಾಗಿಲು ತೆರೆದ ಮೇಲೆ ಒಳಗೆ ಏನಿರುತ್ತದೆ ಎಂಬುದನ್ನು ಮಾತ್ರ ನಮ್ಮಲ್ಲಿ ಒಬ್ಬರೂ ಹೇಳಿರಲಿಲ್ಲ. ಹೇಳಲು ನಮಗೂ ಅಷ್ಟಾಗಿ ತಿಳಿದಿರಲಿಲ್ಲ ಎಂಬುದೇ ನಿಜ. ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅದರಲ್ಲಿ ನಮ್ಮ ಮಕ್ಕಳಿಗೆ ಬೇಕಾದಷ್ಟನ್ನು ಇಲ್ಲಿ ಬರೆಯುತ್ತೇನೆ. ಹೆತ್ತವರೂ ಇದನ್ನು ಓದಬೇಕು. ಓದಲು ಬಿಡುವಿಲ್ಲದಿದ್ದರೆ, ಅಮ್ಮ ಬೀಡಿ ಕಟ್ಟುವ ಹೊತ್ತಿನಲ್ಲಿ ಮಕ್ಕಳು ಪಕ್ಕದಲ್ಲಿ ಕುಳಿತು ಓದಿ ಹೇಳಬೇಕು.

ಉಳಿದವರಿಗೆಲ್ಲ ಮೊದಲೇ ಗೊತ್ತಿದ್ದ ಆ "ಎಲ್ಲ" ಯಾವುದು? ನಂತರದ ದಿನಗಳಲ್ಲಿ ಅವನಿಂದ ಸ್ವಲ್ಪ ಸ್ವಲ್ಪವಾಗಿ ಕೇಳಿ ತಿಳಿದುಕೊಂಡೆ. ಮೊದಲ ದಿನವೇ ಪ್ರಾಧ್ಯಾಪಕರು ಹತ್ತು ಹನ್ನೆರಡು ಪುಸ್ತಕಗಳ ಹೆಸರು ಹೇಳಿದರಂತೆ. ಅಕ್ಕಪಕ್ಕದವರು ತಲೆಯಾಡಿಸಿದರು, ಇವನಿಗೆ ಹೆಸರುಗಳನ್ನು ಬರೆದುಕೊಳ್ಳಲೂ ಆಗಲಿಲ್ಲ. ನೋಟ್ಸ್ ಕೊಡುತ್ತಾರೆಂದು ಕಾದ, ಯಾರೂ ಕೊಡಲಿಲ್ಲ. ಪರಿಚಯ ಮಾಡಿಕೊಳ್ಳುವಾಗ "ಯಾವ ಸ್ಕೂಲು?" ಎಂದು ಕೇಳುತ್ತಿದ್ದರು. ಇವನು ನಮ್ಮ ಶಾಲೆಯ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರವರ ಶಾಲೆಗಳ ಹೆಸರು ಮಾತ್ರ ಅವರಲ್ಲಿ ಎಲ್ಲರಿಗೂ ತಿಳಿದಿತ್ತು. ಸಂಜೆ ನಾಲ್ಕು ಜನ ಹೊರಗೆ ತಿನ್ನಲು ಹೊರಟಾಗ, ಪಾಲಿಗೆ ಆರುನೂರು ರೂಪಾಯಿ ಬೀಳುತ್ತದೆಂದು ತಿಳಿದು, ಹೊಟ್ಟೆನೋವೆಂದು ಹೇಳಿ ಕೋಣೆಯಲ್ಲಿ ಉಳಿದ. ಹಾಗೆ ಮೂರು ಸಲ ಹೊಟ್ಟೆನೋವು ಬಂದ ಮೇಲೆ ಅವರು ಕರೆಯುವುದನ್ನು ಬಿಟ್ಟರು. ಇನ್ನೊಂದು ಸಂಗತಿ ನಮ್ಮ ಗಡಿನಾಡಿನವರಿಗೆ ಬೇಗ ಅರ್ಥವಾಗುವಂಥದು. ಕೇರಳದವನೆಂದು ತಿಳಿದು ಮಲಯಾಳಿ ವಿದ್ಯಾರ್ಥಿಗಳು ಮಾತನಾಡಿಸಲು ಬಂದರು. ಇವನ ಮಲಯಾಳ ಕೇಳಿ ನಕ್ಕರು. ಕನ್ನಡದವರ ಗುಂಪಿಗೆ ಹೋದರೆ, "ನೀನು ಕೇರಳದವನಲ್ಲವೇ?" ಎಂದರು.

ಮಕ್ಕಳೇ, ಇವುಗಳಲ್ಲಿ ಬುದ್ಧಿಶಕ್ತಿಗೆ ಸಂಬಂಧಿಸಿದ್ದು ಯಾವುದಾದರೂ ಇದೆಯೇ? ಎಲ್ಲವೂ ರೂಢಿಯ ವಿಷಯಗಳು. ಬೀಡಿ ಕಟ್ಟುವವರ ಮನೆಯ ಮಗುವಿಗೆ ಯಾವ ಎಲೆ ಹದವಾಗಿದೆ, ಯಾವುದು ಒಣಗಿ ಒಡೆಯುತ್ತದೆ ಎಂಬುದನ್ನು ಯಾರೂ ಪಾಠ ಹೇಳಿ ಕಲಿಸಬೇಕಾಗಿಲ್ಲ. ಹಾಗೆಯೇ ಪ್ರೊಫೆಸರರ, ವಕೀಲರ, ಅಧಿಕಾರಿಗಳ ಮನೆಯ ಮಕ್ಕಳಿಗೆ ಆ ಪುಸ್ತಕಗಳ ಹೆಸರು, ಆ ಮಾತಿನ ರೀತಿ ಊಟದ ಹೊತ್ತಿನ ಮಾತುಕತೆಯಲ್ಲೇ ಬಂದುಬಿಟ್ಟಿರುತ್ತದೆ. ತೊಂದರೆ ಏನೆಂದರೆ, ವಿಶ್ವವಿದ್ಯಾಲಯವು ಅನೇಕ ವೇಳೆ ಆ ರೂಢಿಯನ್ನೇ ಜಾಣತನವೆಂದು ಭಾವಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ನಮ್ಮ ಮಗುವೂ ಅದನ್ನು ನಂಬಿಬಿಡುತ್ತದೆ.

ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದ್ಯೂ ಇದನ್ನು ಬಹಳ ಹಿಂದೆಯೇ ವಿವರಿಸಿದ್ದಾರೆ. ಅವರು 1930ರಲ್ಲಿ ಆ ದೇಶದ ನೈಋತ್ಯ ಮೂಲೆಯ ಬೆಯಾರ್ನ್ ಎಂಬ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದರು. ತಂದೆ ಗೇಣಿ ರೈತರ ಮನೆಯಿಂದ ಬಂದು ಅಂಚೆ ಇಲಾಖೆಯಲ್ಲಿ ದುಡಿದವರು. ಊರಿನವರ ಆಡುಮಾತು ಪ್ಯಾರಿಸ್ಸಿನ ಫ್ರೆಂಚ್ ಅಲ್ಲ, ಬೇರೆಯೇ ಒಂದು ನುಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ನಮಗೆ ಇದು ಹೊಸದೇನಲ್ಲ. ಅವರು ಪ್ಯಾರಿಸ್ಸಿನ ಅತ್ಯಂತ ಪ್ರತಿಷ್ಠಿತ ವಿದ್ಯಾಸಂಸ್ಥೆಯಾದ ಎಕೋಲ್ ನಾರ್ಮಾಲ್ ಸುಪೀರಿಯರ್ ಸೇರಿದರು. ಅಲ್ಲಿ ಕಂಡದ್ದನ್ನು ಮರೆಯಲಿಲ್ಲ. 1964ರಲ್ಲಿ ಇನ್ನೊಬ್ಬ ವಿದ್ವಾಂಸರೊಡನೆ ಸೇರಿ ಒಂದು ಪುಸ್ತಕ ಬರೆದರು. ಅದರ ಹೆಸರಿನ ಅರ್ಥ 'ವಾರಸುದಾರರು' ಎಂದು. ಅಪ್ಪನ ಜಮೀನು ಮಗನಿಗೆ ಬರುವಂತೆ ಮಾತಿನ ಧಾಟಿ, ಪುಸ್ತಕಗಳ ಪರಿಚಯ, ದೊಡ್ಡವರ ಎದುರು ಅಳುಕದೆ ನಿಲ್ಲುವ ಅಭ್ಯಾಸ, ಇವೂ ಮನೆಯಿಂದ ಬರುವ ಆಸ್ತಿಯೇ. ಜಮೀನಿಗೆ ದಾಖಲೆ ಇರುತ್ತದೆ, ಎಲ್ಲರಿಗೂ ಕಾಣುತ್ತದೆ. ಈ ಆಸ್ತಿ ಕಾಣುವುದಿಲ್ಲ. ಕಾಣದಿರುವುದರಿಂದ ಅದಕ್ಕೆ ಹುಟ್ಟುಪ್ರತಿಭೆ ಎಂದು ಹೆಸರಿಡುತ್ತಾರೆ. ಇದು ಆ ಪುಸ್ತಕದ ಸಾರ.

ತತ್ತ್ವ ಅಷ್ಟು ಸಾಕು. ಒಬ್ಬರ ಬದುಕನ್ನೇ ನೋಡೋಣ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ 1954ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ ಹುಟ್ಟಿದರು. ಹೆತ್ತವರು ಪೋರ್ಟೊ ರಿಕೊ ದ್ವೀಪದಿಂದ ಬಂದವರು. ಮನೆಮಾತು ಸ್ಪ್ಯಾನಿಷ್. ತಂದೆ ಕಾರ್ಖಾನೆಯ ಕೆಲಸಗಾರ. ಮಗಳಿಗೆ 9 ವರ್ಷವಾದಾಗ ತೀರಿಕೊಂಡರು. ತಾಯಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ಇಬ್ಬರು ಮಕ್ಕಳನ್ನು ಓದಿಸಿದರು. ಸರಕಾರ ಕಟ್ಟಿಸಿದ ಅಗ್ಗದ ಬಾಡಿಗೆಯ ಮನೆಗಳ ಸಾಲಿನಲ್ಲಿ ವಾಸ. ಸೋನಿಯಾಗೆ ಏಳನೆಯ ವಯಸ್ಸಿನಿಂದಲೇ ಸಕ್ಕರೆ ಕಾಯಿಲೆ. ತಾನೇ ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿತ ಹುಡುಗಿ ಆಕೆ.

1972ರಲ್ಲಿ ಆಕೆಗೆ ವಿದ್ಯಾರ್ಥಿವೇತನದೊಡನೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿತು. ಆ ವಿಶ್ವವಿದ್ಯಾಲಯ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಲು ತೊಡಗಿದ್ದೇ 1969ರಲ್ಲಿ. ಶ್ರೀಮಂತ ಮನೆತನಗಳ ಹುಡುಗರು ತಲೆಮಾರುಗಳಿಂದ ಓದಿದ ಜಾಗ ಅದು. ತಾನು ಬೇರೆ ದೇಶಕ್ಕೆ ಬಂದು ಇಳಿದಂತಾಯಿತು ಎಂದು ಆಕೆ ನಂತರ ಹೇಳಿಕೊಂಡಿದ್ದಾರೆ. ಮೊದಲ ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳಲು ಕೈ ಎತ್ತಲೇ ಇಲ್ಲ. ಇಂಗ್ಲಿಷ್ ಮಕ್ಕಳೆಲ್ಲ ಓದಿ ಬೆಳೆಯುವ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಎಂಬ ಕಥೆಯ ಹೆಸರನ್ನೇ ಆಕೆ ಕೇಳಿರಲಿಲ್ಲ. ಯಾರೋ ಆ ಹೆಸರೆತ್ತಿದಾಗ, ಇನ್ನೂ ಇಂಥವು ಎಷ್ಟಿವೆಯೋ ಎಂದು ದಿಗಿಲಾಯಿತು.

ಚರಿತ್ರೆಯ ಮೊದಲ ಪ್ರಬಂಧಕ್ಕೆ ಬಂದ ದರ್ಜೆ 'ಸಿ'. ಶಾಲೆಯಲ್ಲಿ ಯಾವತ್ತೂ ಮುಂದೆ ಇದ್ದ ಹುಡುಗಿಗೆ ಅದು ದೊಡ್ಡ ಪೆಟ್ಟು. ಇಲ್ಲಿ ಆಕೆ ಮಾಡಿದ ಕೆಲಸವನ್ನು ಗಮನಿಸಿ. ಏಕೆ ಹೀಗಾಯಿತು ಎಂದು ಹೋಗಿ ಕೇಳಿದರು. ಎರಡು ದೋಷಗಳು ತಿಳಿದುಬಂದವು. ಒಂದು, ಓದಿದ ಸಂಗತಿಗಳನ್ನೆಲ್ಲ ತಂದು ರಾಶಿ ಹಾಕಿದ್ದರೇ ಹೊರತು ಅವುಗಳಿಂದ ಒಂದು ವಾದವನ್ನು ಕಟ್ಟಿರಲಿಲ್ಲ. ಇನ್ನೊಂದು, ಇಂಗ್ಲಿಷಿನಲ್ಲಿ ಬರೆಯುವಾಗ ವಾಕ್ಯದ ಕಟ್ಟು ಸ್ಪ್ಯಾನಿಷ್ ಭಾಷೆಯದಾಗುತ್ತಿತ್ತು. ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ವಿಶೇಷಣವು ನಾಮಪದದ ಹಿಂದಿನಿಂದ ಬರುತ್ತದೆ. ಅದೇ ಕ್ರಮ ಇಂಗ್ಲಿಷಿಗೂ ನುಸುಳುತ್ತಿತ್ತು. ನಾವು ಕ್ರಿಯಾಪದವನ್ನು ಕೊನೆಗೆ ಇಟ್ಟು ಯೋಚಿಸಿ ಇಂಗ್ಲಿಷ್ ಬರೆಯಲು ಹೊರಟಾಗ ಆಗುವುದೂ ಇದೇ ಅಲ್ಲವೇ? ಇದು ದಡ್ಡತನದ ಲಕ್ಷಣವಲ್ಲ, ಎರಡು ಭಾಷೆ ಬಲ್ಲವರ ಲಕ್ಷಣ. ಆಕೆ ವ್ಯಾಕರಣದ ಪುಸ್ತಕಗಳನ್ನು ಕೊಂಡು ತಂದರು. ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಕಡೆ, ಮಧ್ಯಾಹ್ನದ ಊಟದ ವಿರಾಮದಲ್ಲಿ ವ್ಯಾಕರಣದ ಅಭ್ಯಾಸ ಮಾಡುತ್ತಾ ದಿನಕ್ಕೆ 10 ಹೊಸ ಶಬ್ದಗಳನ್ನು ಕಲಿತರು. ಚಿಕ್ಕಂದಿನಲ್ಲಿ ಓದದೆ ಹೋದ ಮಕ್ಕಳ ಪುಸ್ತಕಗಳನ್ನೂ ಆಗ ಕುಳಿತು ಓದಿದರು. ಹತ್ತೊಂಬತ್ತು ವರ್ಷದವಳು ಚಿಕ್ಕ ಮಕ್ಕಳ ಕಥೆ ಓದುವುದೇ ಎಂದು ನಾಚಲಿಲ್ಲ.

1976ರಲ್ಲಿ ಆಕೆ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಪದವಿ ವಿದ್ಯಾರ್ಥಿಗಳಿಗೆ ಪ್ರಿನ್ಸ್‌ಟನ್ ಕೊಡುವ ಅತಿ ದೊಡ್ಡ ಗೌರವವಾದ ಪೈನ್ ಪ್ರಶಸ್ತಿಯೂ ಆಕೆಗೆ ಬಂತು. ಒಂದು ತಮಾಷೆಯ ಸಂಗತಿ ಇದೆ. ಅತ್ಯುತ್ತಮ ವಿದ್ಯಾರ್ಥಿಗಳನ್ನು ಮಾತ್ರ ಸೇರಿಸಿಕೊಳ್ಳುವ ಫೈ ಬೀಟಾ ಕಪ್ಪಾ ಎಂಬ ಸಂಘದಿಂದ ಆಹ್ವಾನ ಪತ್ರ ಬಂದಾಗ, ಇದು ಯಾರೋ ಹಣ ಕೀಳಲು ಮಾಡಿದ ಮೋಸವೆಂದು ಆಕೆ ಅದನ್ನು ಕಸದ ಬುಟ್ಟಿಗೆ ಹಾಕಿದ್ದರು. ಗೆಳತಿಯೊಬ್ಬಳು ಕಂಡು ಅದರ ಮಹತ್ವವನ್ನು ತಿಳಿಸಿದಳು. ಅಷ್ಟು ಜಾಣೆಗೂ ಅದು ಗೊತ್ತಿರಲಿಲ್ಲ! ಗೊತ್ತಿಲ್ಲದಿರುವುದಕ್ಕೂ ಬುದ್ಧಿ ಇಲ್ಲದಿರುವುದಕ್ಕೂ ಎಷ್ಟು ದೂರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2009ರಲ್ಲಿ ಆಕೆ ಸುಪ್ರೀಂ ಕೋರ್ಟಿನ ಪೀಠವೇರಿದರು.

ಆಕೆ ಹೋಗಿ ಕೇಳಿದರು ಎಂದೆನಲ್ಲ, ಆ ಹೋಗಿ ಕೇಳುವುದೇ ನಮ್ಮ ಮಕ್ಕಳಿಗೆ ಅತ್ಯಂತ ಕಷ್ಟದ ಕೆಲಸ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರ ಬಾಗಿಲ ಮೇಲೆ ಅಥವಾ ಪಾಠಪಟ್ಟಿಯಲ್ಲಿ 'ಆಫೀಸ್ ಅವರ್ಸ್' ಎಂದು ಬರೆದಿರುತ್ತದೆ. ನಮ್ಮ ಹುಡುಗ ಅದನ್ನು ಓದಿ, ಆ ಹೊತ್ತಿನಲ್ಲಿ ಅವರಿಗೆ ಆಫೀಸಿನ ಕೆಲಸ ಇದೆ, ತೊಂದರೆ ಕೊಡಬಾರದು ಎಂದು ತಿಳಿದಿದ್ದನಂತೆ. ಅರ್ಥ ತಿರುವುಮುರುವು! ವಿದ್ಯಾರ್ಥಿಗಳು ಬಂದು ಸಂದೇಹ ಕೇಳಲಿ ಎಂದೇ ಅವರು ಕೋಣೆಯಲ್ಲಿ ಕುಳಿತುಕೊಳ್ಳುವ ಹೊತ್ತು ಅದು. ಇಂಥ ತಪ್ಪು ತಿಳಿವಳಿಕೆ ಅವನೊಬ್ಬನದೇ ಅಲ್ಲ. ಅಮೆರಿಕದಲ್ಲಿ ಆಂಟನಿ ಅಬ್ರಹಾಂ ಜ್ಯಾಕ್ ಎಂಬವರು 2019ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿಸ್ತಾರವಾಗಿ ಬರೆದಿದ್ದಾರೆ. ಪ್ರಾಧ್ಯಾಪಕರು ಆ ಹೊತ್ತು ಯಾವುದೆಂದು ಹೇಳುತ್ತಾರೆ, ಏತಕ್ಕೆಂದು ಹೇಳುವುದಿಲ್ಲ. ಬಡವರ ಮಕ್ಕಳು ಕರೆಯದೆ ಹೋಗುವುದು ಮರ್ಯಾದೆಯಲ್ಲವೆಂದು ದೂರ ಉಳಿಯುತ್ತಾರೆ.

ಜ್ಯಾಕ್ ಕಂಡುಕೊಂಡ ಇನ್ನೊಂದು ಸಂಗತಿಯೂ ಯೋಚಿಸಬೇಕಾದದ್ದು. ಬಡ ಮನೆಗಳಿಂದ ಬಂದವರಲ್ಲಿಯೇ ಎರಡು ಬಗೆ. ಕೆಲವರು ಹೈಸ್ಕೂಲಿನಲ್ಲಿಯೇ ವಿದ್ಯಾರ್ಥಿವೇತನ ಪಡೆದು ಶ್ರೀಮಂತರ ಶಾಲೆಗಳಲ್ಲಿ ಓದಿದವರು. ಇವರಿಗೆ ವಿಶ್ವವಿದ್ಯಾಲಯ ಅಷ್ಟು ಅಪರಿಚಿತವಾಗುವುದಿಲ್ಲ. ಬಡವರ ಶಾಲೆಗಳಿಂದ ನೇರವಾಗಿ ಬಂದವರು ಒದ್ದಾಡುತ್ತಾರೆ. ಬಡತನ ಇಬ್ಬರದೂ ಒಂದೇ, ಬುದ್ಧಿಯೂ ಒಂದೇ, ವ್ಯತ್ಯಾಸವಿರುವುದು ಪರಿಚಯದಲ್ಲಿ. ಪರಿಚಯವಾದರೋ ಹೇಳಿಕೊಟ್ಟರೆ ಬರುವಂಥದು.

ಅಧ್ಯಾಪಕರ ಪರಿಚಯದಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದವರೇ ಆದ ಕೆ. ಆರ್. ನಾರಾಯಣನ್ ಅವರನ್ನು ನೆನೆಯಬಹುದು. ಕೋಟ್ಟಯಂ ಜಿಲ್ಲೆಯ ಉಳವೂರಿನ ಬಡ ದಲಿತ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದವರು. ಶಾಲೆಗೆ ದಿನವೂ ಹಲವು ಕಿಲೋಮೀಟರ್ ನಡೆಯುತ್ತಿದ್ದರು. ಶುಲ್ಕ ಕಟ್ಟದ್ದಕ್ಕೆ ಹೊರಗೆ ನಿಲ್ಲಿಸಿದಾಗ ಅಲ್ಲಿಂದಲೇ ಪಾಠ ಕೇಳುತ್ತಿದ್ದರು. ಪುಸ್ತಕ ಕೊಳ್ಳಲು ಹಣವಿಲ್ಲದೆ ಅಣ್ಣ ಬೇರೆಯವರ ಪುಸ್ತಕ ತಂದು ಕೈಯಿಂದ ನಕಲು ಮಾಡಿ ಕೊಡುತ್ತಿದ್ದರು. ಮುಂದೆ ತಿರುವಾಂಕೂರು ವಿಶ್ವವಿದ್ಯಾಲಯದಲ್ಲಿ ಮೊದಲಿಗರಾಗಿ, ಟಾಟಾ ವಿದ್ಯಾರ್ಥಿವೇತನ ಪಡೆದು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ಗೆ ಹೋದರು. ಅಲ್ಲಿ ಹೆರಾಲ್ಡ್ ಲಾಸ್ಕಿ ಎಂಬ ಪ್ರಖ್ಯಾತ ಪ್ರಾಧ್ಯಾಪಕರ ಶಿಷ್ಯರಾದರು. ಊರಿಗೆ ಮರಳುವಾಗ ಲಾಸ್ಕಿ ಅವರು ನೆಹರೂ ಅವರಿಗೆ ಒಂದು ಪರಿಚಯ ಪತ್ರ ಬರೆದುಕೊಟ್ಟರು. 1949ರಲ್ಲಿ ನಾರಾಯಣನ್ ವಿದೇಶಾಂಗ ಸೇವೆಗೆ ಸೇರಿದರು, 1997ರಲ್ಲಿ ರಾಷ್ಟ್ರಪತಿಗಳಾದರು. ಗುರುವಿಗೆ ಶಿಷ್ಯನ ಮುಖ, ಮಾತು, ಯೋಚನೆ ತಿಳಿದಿದ್ದರೆ ತಾನೇ ಅಂಥ ಪತ್ರ? ಹಿಂದಿನ ಬೆಂಚಿನಲ್ಲಿ ಮೂರು ವರ್ಷ ಮೌನವಾಗಿ ಕುಳಿತು ಎದ್ದುಹೋದವನ ಬಗ್ಗೆ ಯಾವ ಪ್ರಾಧ್ಯಾಪಕರೂ ಎರಡು ಸಾಲು ಬರೆಯಲಾರರು.

ಇನ್ನೊಂದು ಹೊಂಡವಿದೆ. ಅದರಲ್ಲಿ ಬೀಳಲು ನಾವು ಅಧ್ಯಾಪಕರೇ ಅರ್ಧ ಕಾರಣ. ನಮ್ಮಲ್ಲಿ ಪಠ್ಯಪುಸ್ತಕದ ವಾಕ್ಯಗಳನ್ನು ಅಕ್ಷರ ತಪ್ಪದೆ ಬರೆದವರಿಗೆ ಪೂರ್ಣ ಅಂಕ. ನಾನೂ ಹಾಗೆ ಕೊಟ್ಟವಳೇ. ವಿಶ್ವವಿದ್ಯಾಲಯದಲ್ಲಿ ಪುಸ್ತಕದ ವಾಕ್ಯವನ್ನು ಯಾರದೆಂದು ಹೇಳದೆ ತನ್ನದೆಂಬಂತೆ ಬರೆದರೆ ಅದು ಕಳ್ಳತನ. ಸಂಶೋಧನ ಪ್ರಬಂಧಗಳಲ್ಲಿ ಇಂಥ ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಗಳನ್ನೇ ಹೊರಡಿಸಿದೆ. ಹಿಡಿಯಲು ಕಂಪ್ಯೂಟರಿನಲ್ಲಿ ಸಾಧನಗಳೂ ಇವೆ. ನಮ್ಮ ಹುಡುಗ ಮೊದಲ ಪ್ರಬಂಧವನ್ನು ಬಹಳ ಶ್ರದ್ಧೆಯಿಂದ, ಲೈಬ್ರರಿಯ ಪುಸ್ತಕ ನೋಡಿ, ಮುದ್ದಾದ ಅಕ್ಷರದಲ್ಲಿ ಬರೆದು ಒಪ್ಪಿಸಿದ್ದ. ಕೆಂಪು ಶಾಯಿಯ ಎಚ್ಚರಿಕೆಯೊಡನೆ ಅದು ಹಿಂದಿರುಗಿತು. ತನ್ನನ್ನು ಕಳ್ಳನೆಂದರು ಎಂದು ಅವನು ತಿಳಿದ. ರೈಲು ಹತ್ತಲು ಅದೇ ಕೊನೆಯ ಕಾರಣವಾಯಿತು. ಈಗ ನಾನು ಒಂಬತ್ತನೆಯ ತರಗತಿಯಿಂದಲೇ, ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದು ಪೀಡಿಸುವುದು ಏಕೆಂದು ನಿಮಗೆ ಅರ್ಥವಾಗಿರಬಹುದು.

ಇಂಗ್ಲಿಷ್ ವಿಚಾರ ಹೇಳದೆ ಇರುವಂತಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಒಳಗೆ ಹೋದ ಮೇಲೆ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ. ಮೊದಲ ಕೆಲವು ತಿಂಗಳು ಅರ್ಧಂಬರ್ಧ ತಿಳಿಯುವುದು ಸಹಜ. ಕನ್ನಡದಲ್ಲಿ ಕಲಿತದ್ದು ಆಗ ಸುಳ್ಳಾಗುವುದಿಲ್ಲ. ಪ್ರಜಾಪ್ರಭುತ್ವವೆಂದರೇನು, ದ್ಯುತಿಸಂಶ್ಲೇಷಣೆಯೆಂದರೇನು ಎಂಬುದು ತಿಳಿದವನಿಗೆ ಕಲಿಯಬೇಕಾದದ್ದು ಇನ್ನೊಂದು ಶಬ್ದವನ್ನು ಮಾತ್ರ. ಉಚ್ಚಾರಕ್ಕೆ ಯಾರಾದರೂ ನಕ್ಕರೆ ನಗಲಿ. ಮೂರು ನಾಲ್ಕು ಭಾಷೆ ಆಡುವ ನೀವು, ಒಂದೇ ಭಾಷೆ ಬಲ್ಲವರ ಎದುರು ಕುಗ್ಗಬೇಕಾದದ್ದೇನು?

ಎಲ್ಲವೂ ಸಂಕೋಚದಿಂದಲೇ ಆಗುತ್ತದೆ, ನೀವು ಧೈರ್ಯ ಮಾಡಿದರೆ ಸಾಕು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾದೀತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ಸ್ಥಿತಿಯನ್ನು ವಿಚಾರಿಸಿದ ತೋರಟ್ ಸಮಿತಿಯು 2007ರಲ್ಲಿ ಕೊಟ್ಟ ವರದಿಯಲ್ಲಿ, ಹಾಸ್ಟೆಲಿನಲ್ಲಿ ಅವರನ್ನು ಬೇರೆಯಾಗಿಸುವುದು, ಆಟದಿಂದ, ಒಡನಾಟದಿಂದ ದೂರವಿಡುವುದು, ಅಧ್ಯಾಪಕರು ಸಮನಾಗಿ ಕಾಣದಿರುವುದು ಇವೆಲ್ಲ ದಾಖಲಾಗಿವೆ. ಅಂಥದ್ದನ್ನು ತನ್ನ ಕುಂದೆಂದು ತಿಳಿದು ನುಂಗಿಕೊಳ್ಳಬಾರದು. ದಿನಾಂಕ ಹಾಕಿ ಬರೆದಿಡಬೇಕು, ಹಿರಿಯ ವಿದ್ಯಾರ್ಥಿಗಳಿಗೆ ಹೇಳಬೇಕು, ಆ ಸಂಸ್ಥೆಯಲ್ಲಿ ದೂರು ಕೇಳಲೆಂದು ಇರುವ ಘಟಕಕ್ಕೆ ಲಿಖಿತವಾಗಿ ಕೊಡಬೇಕು, ಮನೆಗೂ ತಿಳಿಸಬೇಕು. ನನಗೆ ಫೋನ್ ಮಾಡಿದರೂ ಆದೀತು.

ಹೆತ್ತವರೇ, ಈಗ ನಿಮ್ಮಲ್ಲಿ ಕೆಲವು ಮಾತು. ಮಗುವಿಗೆ ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಇದೆ, ಇನ್ನು ಖರ್ಚಿಲ್ಲ ಎಂದು ತಿಳಿಯಬೇಡಿ. ವಿದ್ಯಾರ್ಥಿವೇತನ ಅನೇಕ ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಮೆಸ್ಸಿನ ಬಿಲ್ಲು ತಡಮಾಡುವುದಿಲ್ಲ. ಮೊದಲ ಮೂರು ತಿಂಗಳಿಗೆ ಬೇಕಾದ ಹಣವನ್ನು ಹೇಗಾದರೂ ಮೊದಲೇ ಹೊಂದಿಸಿಡಿ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕೇರಳ ಸರಕಾರದ ಇ-ಗ್ರಾಂಟ್ಸ್ ಇದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಶಿಕ್ಷಣ ಸಹಾಯಧನವಿದೆ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನ ಮೂಲಕ ಅರ್ಜಿ ಹಾಕಬೇಕು. ಇದಕ್ಕೆ ನಿಮ್ಮ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ಅದು ಪೆಟ್ಟಿಗೆಯ ಅಡಿಯಲ್ಲಿ ಎಲ್ಲೋ ಇದ್ದರೆ ಇಂದೇ ಹುಡುಕಿ ತೆಗೆದಿಡಿ. ಹಬ್ಬದ ರಜೆಯಲ್ಲಿ ಎಲ್ಲರೂ ಊರಿಗೆ ಹೋಗುತ್ತಾರೆ, ಮೆಸ್ಸು ಮುಚ್ಚುವುದೂ ಉಂಟು. ದೂರದ ಊರಿನ ನಿಮ್ಮ ಮಗು ರೈಲಿನ ಖರ್ಚಿಗೆ ಹೆದರಿ ಅಲ್ಲಿಯೇ ಉಳಿದರೆ ಏನು ತಿನ್ನುತ್ತಾನೆ ಎಂದು ಕೇಳಿಕೊಳ್ಳಿ. ಅಮೆರಿಕದ ಆ ಶ್ರೀಮಂತ ವಿಶ್ವವಿದ್ಯಾಲಯಗಳಲ್ಲಿಯೂ ರಜೆಯಲ್ಲಿ ಊಟದ ಮನೆ ಮುಚ್ಚಿ ಬಡ ವಿದ್ಯಾರ್ಥಿಗಳು ಹಸಿದಿದ್ದುದನ್ನು ಜ್ಯಾಕ್ ಬರೆದಿದ್ದಾರೆ.

ಇನ್ನು ಹಣಕ್ಕೆ ಸಂಬಂಧಿಸದ ಒಂದು ಮಾತು. ಇಂಗ್ಲೆಂಡಿನ ರಿಚರ್ಡ್ ಹಾಗರ್ಟ್ 1918ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು, ಕಾರ್ಮಿಕರ ಬೀದಿಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವರು. ಅವರು 1957ರ ತಮ್ಮ ಪುಸ್ತಕದಲ್ಲಿ ವಿದ್ಯಾರ್ಥಿವೇತನದಿಂದ ಓದುವ ಹುಡುಗನ ಚಿತ್ರ ಕೊಟ್ಟಿದ್ದಾರೆ. ಇಡೀ ಮನೆಗೆ ಒಂದೇ ಬೆಚ್ಚಗಿನ ಕೋಣೆ. ಅಮ್ಮ ಇಸ್ತ್ರಿ ಹಾಕುತ್ತಿದ್ದಾಳೆ, ರೇಡಿಯೋ ಹಾಡುತ್ತಿದೆ, ಅದರ ನಡುವೆ ಹುಡುಗ ಪುಸ್ತಕ ಹಿಡಿದು ಕುಳಿತಿದ್ದಾನೆ. ಓದಬೇಕಾದರೆ ಅವನು ಮನಸ್ಸಿನಲ್ಲಿಯೇ ಮನೆಯಿಂದ ದೂರ ಹೋಗಬೇಕು. ಹೀಗೆ ದಿನವೂ ಸ್ವಲ್ಪ ಸ್ವಲ್ಪ ದೂರ ಹೋದವನು ಕೊನೆಗೆ ಮನೆಗೂ ಸಲ್ಲದೆ, ಹೋದ ಕಡೆಗೂ ಸಲ್ಲದೆ ಇರುತ್ತಾನೆ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಪದವಿಗೆಂದು ದೂರದ ನಗರದ ಕಾಲೇಜಿಗೆ ಸೇರಿದಾಗ ಹಾಸ್ಟೆಲಿನಲ್ಲಿ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದವರಿಗೆ "ಮನೆಯಲ್ಲೇ ಇರುತ್ತಾರೆ" ಎಂದು ಹೇಳುತ್ತಿದ್ದೆ. ಸುಳ್ಳಲ್ಲ; ಮನೆಯಲ್ಲೇ ಕುಳಿತು ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರು, ಅದರಿಂದಲೇ ನನ್ನ ಮೆಸ್ಸಿನ ಹಣ ಬರುತ್ತಿತ್ತು. ಒಂದು ಸಲ ಹೇಳದೆ ಕೇಳದೆ ಬಂದುಬಿಟ್ಟರು. ಬೆರಳುಗಳಲ್ಲಿ ಹೊಗೆಸೊಪ್ಪಿನ ವಾಸನೆ ಇತ್ತು. ನಾನು ಅವರನ್ನು ಒಳಗೆ ಕರೆಯಲಿಲ್ಲ. ಗೇಟಿನ ಹತ್ತಿರವೇ ಮಾತನಾಡಿಸಿ ಬಸ್ಸು ಹತ್ತಿಸಿದೆ. ಅವರು ತಂದಿದ್ದ ಪತ್ರೊಡೆಯನ್ನು ರಾತ್ರಿ ಬಾಗಿಲು ಹಾಕಿಕೊಂಡು ಒಬ್ಬಳೇ ತಿಂದೆ. ಅಮ್ಮ ಅದನ್ನು ಆಮೇಲೆ ಎಂದೂ ಎತ್ತಿ ಆಡಲಿಲ್ಲ, ನಾನೂ ಆಡಲಿಲ್ಲ. ಈಗ ಅವರಿಲ್ಲ.

ಆದ್ದರಿಂದ, ರಜೆಯಲ್ಲಿ ಬಂದ ಮಗ ಮಾತು ಕಡಿಮೆ ಮಾಡಿದರೆ, ಗಂಜಿ ಊಟಕ್ಕೆ ಮುಖ ಸಿಂಡರಿಸಿದರೆ, "ದೊಡ್ಡ ಮನುಷ್ಯನಾದ" ಎಂದು ಚುಚ್ಚಬೇಡಿ. ಅಲ್ಲಿ ಏನು ಕಲಿಸಿದರು ಎಂದು ಕೇಳಿ. ಅರ್ಥವಾಗದಿದ್ದರೂ ಕೇಳಿ. ಅವನು ಅಲ್ಲಿಂದ ಫೋನ್ ಮಾಡಿದಾಗ ಮನೆಯ ಸಾಲದ ವಿಚಾರವನ್ನೆಲ್ಲ ಮೊದಲೇ ಹೇಳಬೇಡಿ. ಹಾಗೆಂದು ಎಲ್ಲ ಚೆನ್ನಾಗಿದೆಯೆಂದು ಮುಚ್ಚಿಡಲೂ ಬೇಡಿ, ಅವರಿಗೆ ಧ್ವನಿಯಲ್ಲೇ ತಿಳಿಯುತ್ತದೆ.

ಅಮೆರಿಕದಲ್ಲಿ ನಿಕೋಲ್ ಸ್ಟೀಫನ್ಸ್ ಮತ್ತು ಜೊತೆಯವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದೆ. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರನ್ನು ಎರಡು ಗುಂಪು ಮಾಡಿ, ಹಿರಿಯ ವಿದ್ಯಾರ್ಥಿಗಳಿಂದ ಅವರ ಅನುಭವಗಳನ್ನು ಹೇಳಿಸಿದರು. ಒಂದು ಗುಂಪಿಗೆ ಸಾಮಾನ್ಯ ಸಲಹೆಗಳು. ಇನ್ನೊಂದು ಗುಂಪಿಗೆ ಅದೇ ಸಲಹೆಗಳ ಜೊತೆಗೆ, ತಮ್ಮ ಅಪ್ಪ ಅಮ್ಮ ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಅದರಿಂದ ತಮಗೆ ಇಂಥಿಂಥ ಕಡೆ ತಡವರಿಸಿತು, ಹೀಗೆ ದಾಟಿದೆವು ಎಂಬ ಮಾತೂ ಇತ್ತು. ಆಗಿದ್ದು ಸುಮಾರು ಒಂದು ಗಂಟೆಯ ಕಾರ್ಯಕ್ರಮ. ವರ್ಷದ ಕೊನೆಗೆ ನೋಡಿದರೆ, ಎರಡನೆಯ ಗುಂಪಿನಲ್ಲಿ ಅಂಥ ಮನೆಗಳಿಂದ ಬಂದವರು ಅಧ್ಯಾಪಕರ ಬಳಿಗೆ ಹೆಚ್ಚು ಹೋಗಿದ್ದರು. ಓದಿದ ಮನೆಗಳ ಮಕ್ಕಳಿಗೂ ಅವರಿಗೂ ಅಂಕಗಳಲ್ಲಿದ್ದ ಅಂತರ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

ನಮ್ಮ ಹುಡುಗ ಮರುವರ್ಷ ಮತ್ತೆ ಪರೀಕ್ಷೆ ಬರೆದು ಬೇರೊಂದು ವಿಶ್ವವಿದ್ಯಾಲಯಕ್ಕೆ ಸೇರಿದ. ಹೋಗುವ ಮೊದಲು ಮೂರು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೇಲೆ ಬರೆದದ್ದನ್ನೆಲ್ಲ ಮಾತನಾಡಿದೆವು. ಮೊದಲ ತಿಂಗಳಲ್ಲಿ ಎರಡು ಸಲ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು, ಆಮೇಲೆ ಕಡಿಮೆಯಾಯಿತು. ಕಳೆದ ಓಣಂ ರಜೆಗೆ ಊರಿಗೆ ಬಂದಿದ್ದಾಗ, ಶಾಲೆ ತೆರೆದ ಮೇಲೆ ಒಂದು ದಿನ ಉಳಿದುಕೊಂಡು ಹತ್ತನೆಯ ತರಗತಿಯವರೊಡನೆ ಮಾತನಾಡಲು ಒಪ್ಪಿದ. ತಾನು 23 ದಿನಕ್ಕೆ ಓಡಿಬಂದದ್ದನ್ನೂ ಅವನೇ ಹೇಳಿದ. ಮಾತು ಮುಗಿದ ಮೇಲೆ, ಕೇಳುವುದೇನಾದರೂ ಇದ್ದರೆ ಕೇಳಿ ಎಂದೆ. ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಸಾಲಿನ ಒಬ್ಬಳು ಹುಡುಗಿ ಅರ್ಧ ಎದ್ದು ನಿಂತು, "ಅಲ್ಲಿ ಕುಚ್ಚಲಕ್ಕಿ ಅನ್ನ ಸಿಗುತ್ತದಾ ಅಣ್ಣಾ?" ಎಂದಳು. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ಹಾಸ್ಟೆಲಿನಲ್ಲಿ ಬೇಯಿಸಲು ಯಾರನ್ನು ಕೇಳಬೇಕು ಎಂದು ಹತ್ತು ನಿಮಿಷ ಅವಳಿಗೆ ವಿವರಿಸಿದ. ಆಮೇಲೆ ಇನ್ನೂ ನಾಲ್ಕು ಕೈಗಳು ಮೇಲೆದ್ದವು.